ತಿರಿಗಿ ಬಂದ ಮಗುವಿಗೆ ಕಲಿಸುವ ಕ್ರಮ



ಈ ತಿಂಗಳ ಪಾಠವು ಉಪಾಧ್ಯಾಯರಿಗೂ ಸಾಯಂಕಾಲದ ಓದಿನ ಕೂಟವನ್ನು ನಡಿಸುವವರಿಗೂ ಮಾತ್ರವಲ್ಲ, ಮಕ್ಕಳುಳ್ಳ ತಂದೆತಾಯಿಗಳಿಗೂ ಸಭೆಯ ಹಿರಿಯರಿಗೂ ಬರೆಯಲ್ಪಟ್ಟದ್ದಾಗಿದೆ. ಕಲಿಸುವದು ಅಂದರೇನು, ಮಗುವಿನ ಮನಸ್ಸು ಯಾವದರಿಂದ ಪಾಠಕ್ಕೆ ಅಂಟಿಕೊಳ್ಳುತ್ತದೆ ಎಂಬದನ್ನು ಕುರಿತು ಪಂಡಿತರು ಬಹಳ ಬರೆದಿದ್ದಾರೆ. ಆದರೆ ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗ ಈ ಸೀಮೆಯಲ್ಲಿ ಕಲಿಸುವವನ ಮುಂದೆ ಒಂದು ಪ್ರಶ್ನೆಯು ಮಿಕ್ಕ ಎಲ್ಲಾ ಪ್ರಶ್ನೆಗಳಿಗಿಂತ ಮೊದಲು ಬಂದು ನಿಲ್ಲುತ್ತದೆ. ಅದೇನಂದರೆ: ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೆ ಹೋದ ಮಗುವೂ, ತಂದೆತಾಯಿಗಳ ಸಂಗಡ ಗುಳೆ ಹೋದ ಮಗುವೂ ಎರಡು ಮೂರು ತಿಂಗಳಾದ ತರುವಾಯ ತಿರಿಗಿ ಶಾಲೆಯ ಬಾಗಲಿಗೆ ಬಂದು ನಿಂತಾಗ, ಕಲಿಸುವವನು ಅದಕ್ಕೆ ಏನು ಮಾಡತಕ್ಕದ್ದು?

ಉಪಾಧ್ಯಾಯನ ವಿದ್ಯೆಯೂ ತಾಳ್ಮೆಯೂ ಆ ಒಂದು ದಿವಸದಲ್ಲಿಯೇ ಪರೀಕ್ಷಿಸಲ್ಪಡುತ್ತವೆ ಎಂಬದು ನನ್ನ ದೃಢವಾದ ಎಣಿಕೆ. ವರ್ಷವೆಲ್ಲಾ ತಪ್ಪದೆ ಬರುವ ಮಗುವು ಸಾಧಾರಣನಾದ ಉಪಾಧ್ಯಾಯನಿಂದಲೂ ಏನಾದರೂ ಕಲಿಯುವದು. ತಿರಿಗಿ ಬಂದ ಮಗುವಾದರೋ ಒಳ್ಳೇ ಉಪಾಧ್ಯಾಯನ ಹೊರತು ಉಳಿಯಲಾರದು. ಆದದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

೧. ನಮ್ಮ ಮಕ್ಕಳಿಗೆ ಎರಡು ವರ್ಷಗಳುಂಟು

ಶಾಲೆಯ ವರ್ಷವು ಜೂನ್ ತಿಂಗಳ ಸುಮಾರಿಗೆ ತೊಡಗಿ ಏಪ್ರಿಲಿನಲ್ಲಿ ಮುಗಿಯುತ್ತದೆ. ಹೊಲದ ವರ್ಷವು ಬೇರೆ. ಈ ಎರಡು ವರ್ಷಗಳು ಒಂದಕ್ಕೊಂದು ಹೊಂದುವದಿಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ಈ ನಾಡಿಗೆ ಎರಡು ಕಡೆಯಲ್ಲಿಯೂ ನದಿಗಳಿದ್ದರೂ, ನಡುವಣ ಎರೆಹೊಲಗಳು ಆಕಾಶವನ್ನೇ ನೋಡುತ್ತಾ ಬಂದವು. ೧೯೫೩ ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆಯ ಕಾಲುವೆಯು ಮುಟ್ಟಿದ ಊರುಗಳಲ್ಲಿ ಭತ್ತವು ಬೆಳೆಯಿತು. ಅದು ಮುಟ್ಟದ ಕಡೆಗಳಲ್ಲಿ ಜೋಳ, ತೊಗರಿ, ಹತ್ತಿ ಇವೇ ಜನರ ಜೀವನಕ್ಕೆ ಆಧಾರವಾಗಿ ನಿಂತವು. ಮುಂಗಾರಿನಲ್ಲಿ ಬಿತ್ತಿದ ಹತ್ತಿಯು ದಸರೆ ದೀಪಾವಳಿಗಳ ಸುಮಾರಿಗೆ ಒಡೆಯಲು ತೊಡಗಿ, ಒಂದೇ ಸಾರಿ ಬಿಡಿಸಿ ಮುಗಿಯದೆ, ಎರಡನೆಯ ಸಾರಿ, ಮೂರನೆಯ ಸಾರಿ ಎಂದು ಸಂಕ್ರಾಂತಿಯ ಆಚೆಗೂ ಎಳೆಯುತ್ತದೆ. ಒಡೆದ ಕಾಯಿಯು ಯಾರಿಗೋಸ್ಕರವೂ ಕಾಯುವದಿಲ್ಲ. ಮಳೆ ಬಿದ್ದರೆ ಅರಳೆಯ ಬಣ್ಣ ಕೆಡುವದು, ಬಣ್ಣ ಕೆಟ್ಟರೆ ಬೆಲೆ ಇಳಿಯುವದು. ಆಗ ಮನೆಯಲ್ಲಿರುವ ಕೈಗಳೆಲ್ಲಾ ಹೊಲಕ್ಕೆ ಕರೆಯಲ್ಪಡುತ್ತವೆ. ದೊಡ್ಡವರು ಹೊಲಕ್ಕೆ ಹೋದರೆ ಹತ್ತು ವರ್ಷದ ಹುಡುಗಿಯು ತೊಟ್ಟಿಲನ್ನು ನೋಡಿಕೊಳ್ಳಬೇಕಾಗುವದು. ಬೆಳೆ ಹೋದ ವರ್ಷದಲ್ಲಿಯಾದರೆ ಇಡೀ ಕುಟುಂಬವೇ ಗಂಟು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವದುಂಟು.

೨೦೧೧ ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರು ಮಂದಿಯಲ್ಲಿ ೭೫ ಮಂದಿ ಓದುಬರಹವನ್ನು ಬಲ್ಲವರಾಗಿದ್ದರು. ರಾಯಚೂರು ಜಿಲ್ಲೆಯಲ್ಲಿ ೬೦ ಮಂದಿಯೂ ಪೂರಾ ಇರಲಿಲ್ಲ. ಇಲ್ಲಿಯ ಹೆಂಗಸರಲ್ಲಿಯಾದರೋ ಅರ್ಧದಷ್ಟು ಮಂದಿಯೂ ಇರಲಿಲ್ಲ. ಇದಕ್ಕೆ ಕಾರಣಗಳು ಅನೇಕ. ಅವುಗಳಲ್ಲಿ ಒಂದನ್ನು ಮಾತ್ರ ಈ ಪಾಠದಲ್ಲಿ ಹಿಡಿದುಕೊಳ್ಳುತ್ತೇನೆ.

ಮಗುವು ಹೊಲಕ್ಕೆ ಹೋದ ದಿವಸದಲ್ಲಿ ಶಾಲೆಯನ್ನು ಬಿಟ್ಟಿತೆಂದು ನಾವು ಎಣಿಸುತ್ತೇವೆ. ಹಾಗಲ್ಲ. ಹೋಗುವಾಗ ಅದು ತನ್ನ ಚೀಲವನ್ನು ಗೂಟಕ್ಕೆ ತೂಗಹಾಕಿ, ತಿರಿಗಿ ಬರುತ್ತೇನೆಂಬ ಮನಸ್ಸಿನಿಂದಲೇ ಹೋಗುತ್ತದೆ. ಅನೇಕ ಮಕ್ಕಳು ಬರುವದೂ ಉಂಟು. ಬಂದ ದಿವಸದಲ್ಲಿ ಏನಾಗುತ್ತದೆ? ಸಂಗಡಿಗರು ಬಹಳ ಪುಟಗಳನ್ನು ದಾಟಿ ಹೋಗಿದ್ದಾರೆ. ಹಲಗೆಯ ಮೇಲಿನದು ಓದಲಿಕ್ಕೆ ಬರುವದಿಲ್ಲ. ಇಷ್ಟು ದಿವಸ ಎಲ್ಲಿ ಹಾಳಾಗಿ ಹೋಗಿದ್ದಿ ಎಂಬ ಪ್ರಶ್ನೆಯು ಎಲ್ಲರ ಮುಂದೆ ಕೇಳಲ್ಪಡುತ್ತದೆ; ಹುಡುಗರು ನಗುತ್ತಾರೆ. ಮಗುವು ಹಿಂದಣ ಸಾಲಿಗೆ ಹೋಗಿ ಗೋಡೆಗೆ ಒರಗಿ ಕೂತುಕೊಳ್ಳುತ್ತದೆ. ನಾಲ್ಕು ದಿವಸ ಹಾಗೆ ಕೂತು ಐದನೆಯ ದಿವಸ ಬರುವದಿಲ್ಲ. ಹೀಗಿರಲಾಗಿ ಅದು ಶಾಲೆಯನ್ನು ನಿಜವಾಗಿ ಬಿಟ್ಟದ್ದು ತಿರಿಗಿ ಬಂದ ಮೇಲೆಯೇ. ಹಸಿವು ಅದನ್ನು ಹೊರಗೆ ಕರೆದುಕೊಂಡು ಹೋಯಿತು; ನಾಚಿಕೆಯು ಅದನ್ನು ಹೊರಗೇ ಇಟ್ಟಿತು. ಹಸಿವನ್ನು ನೀಗಿಸುವದು ಕಲಿಸುವವನ ಕೈಯಲ್ಲಿಲ್ಲ. ನಾಚಿಕೆಯನ್ನು ತೆಗೆಯುವದು ಅವನ ಕೈಯಲ್ಲಿದೆ.

೨. ರಾಯಚೂರಿಗೆ ಬಂದ ಇಬ್ಬರು ಉಪಾಧ್ಯಾಯರು

ಈ ವಿಷಯದಲ್ಲಿ ನಮಗೆ ಮಾದರಿಯಾಗಿರುವ ಇಬ್ಬರನ್ನು ನೆನಸಿಕೊಳ್ಳೋಣ. ಇಬ್ಬರೂ ದಕ್ಷಿಣ ಕನ್ನಡ ಸೀಮೆಯಲ್ಲಿ ಹುಟ್ಟಿದವರು. ಇಬ್ಬರ ಹೆಸರೂ ನಮ್ಮ ರಾಯಚೂರಿಗೆ ಸಂಬಂಧಪಟ್ಟಿದೆ.

ಮೊದಲನೆಯವರು ಪಂಡಿತ ತಾರಾನಾಥರು. ಇವರು ೧೮೯೧ ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ೧೯೪೨ ರಲ್ಲಿ ತೀರಿಹೋದರು. ವೈದ್ಯವನ್ನೂ ಸಂಗೀತವನ್ನೂ ಬಲ್ಲವರು. ೧೯೨೦ ರ ಸುಮಾರಿಗೆ ಇವರು ರಾಯಚೂರಿನಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿದರು. ಆಗ ಈ ನಾಡು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಮೇಲಿನ ತರಗತಿಗಳ ವಿದ್ಯೆಯು ಉರ್ದು ಭಾಷೆಯಲ್ಲಿ ನಡೆಯುತ್ತಿತ್ತು. ತಾರಾನಾಥರು ತಮ್ಮ ಶಾಲೆಗೆ ಹಮ್‌ದರ್ದ್ ಎಂದು ಹೆಸರಿಟ್ಟರು. ಇದು ಪಾರಸಿಯಿಂದ ಬಂದ ಮಾತು. ಹಮ್ ಅಂದರೆ ಕೂಡ, ದರ್ದ್ ಅಂದರೆ ನೋವು. ಪರರ ನೋವಿನಲ್ಲಿ ಕೂಡ ನೋಯುವವನೇ ಹಮ್‌ದರ್ದ್. ಶಾಲೆಗಳಿಗೆ ದೇವರುಗಳ ಹೆಸರನ್ನೂ ದೊರೆಗಳ ಹೆಸರನ್ನೂ ದಾನಿಗಳ ಹೆಸರನ್ನೂ ಇಡುವದು ವಾಡಿಕೆ. ಇವರು ಕಲಿಸುವವನ ಹೃದಯದಲ್ಲಿ ಇರತಕ್ಕ ಗುಣವನ್ನೇ ಬಾಗಲ ಮೇಲೆ ಬರೆದರು. ಗುಳೆಯಿಂದ ಬಂದ ಮಗುವನ್ನು ಕಾಣುವಾಗ ಈ ಒಂದು ಮಾತು ಉಪಾಧ್ಯಾಯನ ನೆನಪಿನಲ್ಲಿದ್ದರೆ ಸಾಕು, ಆ ದಿವಸದ ಮೊದಲನೆಯ ಪ್ರಶ್ನೆಯು ತಾನೇ ಬದಲಾಗುವದು.

ಎರಡನೆಯವರು ಪಂಜೆ ಮಂಗೇಶರಾಯರು. ಇವರು ೧೮೭೪ ರಲ್ಲಿ ಬಂಟವಾಳದಲ್ಲಿ ಹುಟ್ಟಿದರು. ಉಪಾಧ್ಯಾಯರಾಗಿಯೂ ಶಾಲೆಗಳನ್ನು ಪರೀಕ್ಷಿಸುವ ಅಧಿಕಾರಿಯಾಗಿಯೂ ದಕ್ಷಿಣ ಕನ್ನಡ, ಕೊಡಗು ಸೀಮೆಗಳಲ್ಲಿ ಸೇವೆ ಮಾಡಿದರು. ೧೯೩೪ ರಲ್ಲಿ ರಾಯಚೂರಿನಲ್ಲಿ ಕೂಡಿದ ೨೦ ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇವರೇ ಅಧ್ಯಕ್ಷರಾಗಿದ್ದರು. ೧೯೩೭ ರಲ್ಲಿ ಹೈದರಾಬಾದಿನಲ್ಲಿ ತೀರಿಹೋದರು. ಪಂಡಿತರ ಸಭೆಗೆ ಮಕ್ಕಳ ಕಥೆ ಹೇಳುವವರೊಬ್ಬರು ಅಧ್ಯಕ್ಷರಾದದ್ದು ಆಲೋಚಿಸತಕ್ಕ ಸಂಗತಿ. ಶಾಲೆಯನ್ನು ಪರೀಕ್ಷಿಸಲಿಕ್ಕೆ ಬರುವ ಅಧಿಕಾರಿಯ ಕುದುರೆಯ ಸಪ್ಪಳಕ್ಕೆ ಉಪಾಧ್ಯಾಯರೂ ಹುಡುಗರೂ ನಡುಗುತ್ತಿದ್ದ ಕಾಲದಲ್ಲಿ ಇವರು ಮಕ್ಕಳಿಗಾಗಿ ಕಥೆಗಳನ್ನೂ ಹಾಡುಗಳನ್ನೂ ಬರೆದರು. ಮಕ್ಕಳ ಪುಸ್ತಕಗಳನ್ನು ಹೊರತರುವದಕ್ಕೆ ಬಾಲಸಾಹಿತ್ಯ ಮಂಡಲವೆಂಬ ಕೂಟವನ್ನು ಕಟ್ಟಿದರು. ಇವರ ಒಂದು ಕಥೆಯ ಹೆಸರು ಇಲಿಗಳ ತಕಥೈ. ಹೆಸರನ್ನು ಕೇಳುತ್ತಲೇ ಮಗುವಿನ ಕಾಲು ಕುಣಿಯಲು ತೊಡಗುತ್ತದೆ. ಮಗುವು ಮೊದಲು ಕಿವಿಯಿಂದಲೂ ಕಾಲಿನಿಂದಲೂ ಕಲಿಯುತ್ತದೆ, ಕಣ್ಣಿನ ಅಕ್ಷರವು ಆಮೇಲೆ ಬರುತ್ತದೆ ಎಂಬದನ್ನು ಇವರು ಬಲ್ಲವರಾಗಿದ್ದರು.

ಒಬ್ಬರಿಂದ ಕೂಡ ನೋಯುವದನ್ನೂ, ಇನ್ನೊಬ್ಬರಿಂದ ಕೂಡ ನಲಿಯುವದನ್ನೂ ಕಲಿತುಕೊಳ್ಳೋಣ. ಈ ಎರಡರಲ್ಲಿ ಒಂದು ಮಾತ್ರ ಇದ್ದರೆ ಸಾಲದು. ಬರೇ ಮರುಕವುಳ್ಳ ಉಪಾಧ್ಯಾಯನು ಮಗುವನ್ನು ಹತ್ತಿರ ಕೂರಿಸಿಕೊಂಡು ಏನೂ ಕಲಿಸದೆ ಕಳುಹಿಸುವನು. ಬರೇ ಆಟಪಾಟವುಳ್ಳವನು ಬಂದಿರುವ ಮಕ್ಕಳನ್ನು ನಗಿಸಿ, ಗೋಡೆಗೆ ಒರಗಿದ ಮಗುವನ್ನು ಕಾಣದೆ ಹೋಗುವನು.

೩. ಮೊದಲನೆಯ ದಿವಸದಲ್ಲಿ ಮಾಡತಕ್ಕದ್ದು

ತಿರಿಗಿ ಬಂದ ಮಗುವಿಗೆ ಎಲ್ಲಿ ಹೋಗಿದ್ದಿ ಎಂದು ಕೇಳಬೇಡಿರಿ. ಅದರ ಉತ್ತರವು ಊರಿಗೆಲ್ಲಾ ಗೊತ್ತಿದೆ. ಏನು ನೋಡಿದಿ, ಏನು ಕಲಿತಿ ಎಂದು ಕೇಳಿರಿ. ಆ ಪ್ರಶ್ನೆಗೆ ಉತ್ತರ ಕೊಡತಕ್ಕದ್ದು ಆ ಮಗುವಿನ ಹತ್ತಿರ ಮಾತ್ರ ಇದೆ. ಉಪಾಧ್ಯಾಯನ ಹತ್ತಿರವೂ ಇಲ್ಲ, ಮುಂದಣ ಸಾಲಿನ ಜಾಣನ ಹತ್ತಿರವೂ ಇಲ್ಲ. ಬೆಂಗಳೂರಿನಲ್ಲಿ ಹತ್ತು ಅಂತಸ್ತಿನ ಮನೆಗೆ ಇಟ್ಟಿಗೆ ಹೇಗೆ ಏರುತ್ತದೆ? ಸಿಮೆಂಟಿಗೆ ಮರಳು ಎಷ್ಟು ಪಾಲು? ಹತ್ತಿಯ ಕಾಯಿಯಲ್ಲಿ ಎಷ್ಟು ತೊಳೆಗಳಿರುತ್ತವೆ? ಗುಲಾಬಿ ಬಣ್ಣದ ಹುಳವು ಕಾಯಿಯೊಳಗೆ ಹೊಕ್ಕದ್ದು ಹೊರಗಿನಿಂದ ಹೇಗೆ ತಿಳಿಯುತ್ತದೆ? ಮಗುವು ಇದನ್ನು ಹೇಳುವಾಗ ಮಿಕ್ಕ ಮಕ್ಕಳು ಕಿವಿಗೊಡುವರು. ಹಾಗೆ ಐದು ನಿಮಿಷ ಮಾತಾಡಿದ ಮಗುವು ಹಿಂದಣ ಗೋಡೆಗೆ ಹೋಗಿ ಕೂಡುವದಿಲ್ಲ.

ಇದು ಮಗುವನ್ನು ಸಂತೈಸುವ ಉಪಾಯ ಮಾತ್ರವೆಂದು ಎಣಿಸಬೇಡಿರಿ. ಕಲಿಸುವ ವಿದ್ಯೆಯ ಮೂಲವೇ ಇದು: ತಿಳಿದದ್ದರಿಂದ ತಿಳಿಯದ್ದಕ್ಕೆ ಹೋಗಬೇಕು. ತಿಳಿದದ್ದು ಯಾವದೆಂದು ಮೊದಲು ಗೊತ್ತುಮಾಡಿಕೊಳ್ಳದೆ ಹೆಜ್ಜೆಯನ್ನು ಎಲ್ಲಿಂದ ಇಡುವದು? ನಮ್ಮ ಕರ್ತನು ಸಹ ಹೊಲದವರಿಗೆ ಬಿತ್ತುವವನ ವಿಷಯವನ್ನೂ, ಹೆಂಗಸರಿಗೆ ಹುಳಿಹಿಟ್ಟಿನ ವಿಷಯವನ್ನೂ ಮುಂದಿಟ್ಟು ಬೋಧಿಸಿದ್ದನ್ನು ನೀವು ಬಲ್ಲಿರಿ.

೪. ಅಕ್ಷರವನ್ನು ಬಿಟ್ಟಲ್ಲಿಂದ ಹಿಡಿಯುವದು

ಹಿಂದಣ ಕಾಲದಲ್ಲಿ ವರ್ಣಮಾಲೆಯ ಎಲ್ಲಾ ಅಕ್ಷರಗಳನ್ನು ಅನುಕ್ರಮವಾಗಿ ಕಲಿಸಿ ಮುಗಿಸಿದ ತರುವಾಯವೇ ಮಾತುಗಳನ್ನು ಓದಿಸುತ್ತಿದ್ದರು. ಅಷ್ಟರೊಳಗೆ ಹತ್ತಿಯ ಕಾಲವು ಬಂದರೆ ಮಗುವು ಅಕ್ಷರಗಳನ್ನು ಮರೆಯುವದು, ಒಂದು ಮಾತನ್ನೂ ಓದಿದ ಸಂತೋಷವಿಲ್ಲದೆ ಹೋಗುವದು. ಈಗ ಸರಕಾರಿ ಶಾಲೆಗಳಲ್ಲಿ ನಡೆಯುವ ನಲಿ-ಕಲಿ ಎಂಬ ಕ್ರಮವನ್ನು ವಾಚಕರಲ್ಲಿ ಅನೇಕರು ತಮ್ಮ ಮಕ್ಕಳಿಂದ ಕೇಳಿರಬಹುದು. ಇದು ೧೯೯೫ ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ತೊಡಗಿತು. ಅಲ್ಲಿಯ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳ ಪದ್ಧತಿಯನ್ನು ನೋಡಿ ಬಂದು, ಅದನ್ನು ನಮ್ಮ ಭಾಷೆಗೂ ನಮ್ಮ ಮಕ್ಕಳಿಗೂ ತಕ್ಕ ಹಾಗೆ ಮಾಡಿದರು. ೨೦೦೯ ನೆಯ ವರ್ಷದಿಂದ ಇದು ರಾಜ್ಯದ ಎಲ್ಲಾ ಸರಕಾರಿ ಕನ್ನಡ ಶಾಲೆಗಳ ಕೆಳಗಣ ತರಗತಿಗಳಿಗೆ ಹಬ್ಬಿತು.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ಅಕ್ಷರಗಳ ಅನುಕ್ರಮ. ಮಗುವಿಗೆ ಮೊದಲು ಕೊಡುವ ಐದು ಅಕ್ಷರಗಳು ರ, ಗ, ಸ, ದ, ಅ ಎಂಬವು. ಯಾಕಂದರೆ ಈ ಐದರಿಂದಲೇ ಸರ, ದರ, ಅರಸ, ಗರಗಸ ಎಂಬ ಮಾತುಗಳು ಹುಟ್ಟುತ್ತವೆ. ಕೆಲವು ದಿವಸಗಳಲ್ಲಿಯೇ ಮಗುವು ಓದಿದೆನೆಂದು ಮನೆಯಲ್ಲಿ ಹೇಳಿಕೊಳ್ಳುವದು. ಎರಡನೆಯದು, ಕಲಿಕೆಯ ಏಣಿ. ಒಂದೊಂದು ಪಾಠವೂ ಒಂದೊಂದು ಮೆಟ್ಟಲು. ಪ್ರತಿಯೊಂದು ಮಗುವೂ ತನ್ನ ಮೆಟ್ಟಲನ್ನು ತಾನೇ ಏರುವದು. ನಡುವೆ ಮಗುವು ಬಾರದೆ ಹೋದರೆ, ತಿರಿಗಿ ಬಂದಾಗ ತಾನು ನಿಂತಿದ್ದ ಮೆಟ್ಟಲಿನಿಂದಲೇ ತೊಡಗುವದು. ತರಗತಿಯು ಮುಂದೆ ಹೋಯಿತು, ನೀನು ಹಿಂದೆ ಉಳಿದಿ ಎಂಬ ಮಾತು ಅಲ್ಲಿ ಹುಟ್ಟುವದಿಲ್ಲ. ಹತ್ತಿಯ ನಾಡಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇಲ್ಲವೆಂದು ನನಗೆ ತೋರುತ್ತದೆ.

ನಾಲ್ಕನೆಯ ತರಗತಿಗೆ ಬಂದ ಮೇಲೆ ಈ ಏಣಿಯು ಇಲ್ಲ. ಅಲ್ಲಿ ಕಲಿಸುವವನೇ ಒಂದು ಚಿಕ್ಕ ಏಣಿಯನ್ನು ಕಟ್ಟಿಕೊಳ್ಳತಕ್ಕದ್ದು. ಒಂದು ನೋಟುಬುಕ್ಕಿನಲ್ಲಿ ಮಗುವಿಗೆ ಒಂದು ಪುಟ. ಸರಳವಾದ ಮಾತು, ಕಾಗುಣಿತ, ಒತ್ತಕ್ಷರ, ವಾಕ್ಯ, ಕಥೆ ಎಂದು ಐದು ಮೆಟ್ಟಲುಗಳನ್ನು ಬರೆದು, ಮಗುವು ಎಲ್ಲಿ ನಿಂತಿದೆ ಎಂಬಲ್ಲಿಗೆ ಒಂದು ಗುರುತು. ಹೊಲದ ಮಗುವಿಗೆ ಎರಡನೆಯ ಮೆಟ್ಟಲಿನಲ್ಲಿ ಗಿಡ, ಹೊಲ, ಎಲೆ, ಚೀಲ ಎಂಬ ಮಾತುಗಳನ್ನು ಕೊಡಬಹುದು. ಹತ್ತಿ ಎಂಬ ಮಾತು ಅದಕ್ಕೆ ಬಹು ಪರಿಚಯವಾದದ್ದಾದರೂ ಒತ್ತಕ್ಷರವುಳ್ಳದ್ದಾದ ಕಾರಣ ಮೂರನೆಯ ಮೆಟ್ಟಲಿಗೆ ಇಟ್ಟುಕೊಳ್ಳಿರಿ. ಆ ದಿವಸ ಬಂದಾಗ ತಾನು ಚಳಿಯಲ್ಲಿ ಬಿಡಿಸಿದ್ದನ್ನು ತನ್ನ ಕೈಯಿಂದಲೇ ಬರೆದು ನೋಡುವ ಮಗುವಿನ ಮುಖವನ್ನು ನೋಡಿರಿ.

ನಲವತ್ತು ಮಕ್ಕಳ ನಡುವೆ ಒಬ್ಬನಿಗೆ ಹೀಗೆ ಮಾಡಲಿಕ್ಕೆ ಸಮಯವೆಲ್ಲಿ ಎಂದು ಉಪಾಧ್ಯಾಯರು ಕೇಳುವರು. ಕೇಳುವದು ನ್ಯಾಯವೇ. ಆದರೆ ತಿರಿಗಿ ಬಂದ ಮಗುವಿನ ಬಳಿಯಲ್ಲಿ ಆ ಮೆಟ್ಟಲನ್ನು ಇತ್ತೀಚೆಗೆ ದಾಟಿದ ಇನ್ನೊಂದು ಮಗುವನ್ನು ಕೂರಿಸಬಹುದು. ಬಹಳ ಜಾಣನನ್ನು ಕೂರಿಸಬೇಡಿರಿ. ಅವನಿಗೆ ತಾನು ಹೇಗೆ ಕಲಿತೆನೆಂಬದು ಮರೆತಿರುತ್ತದೆ. ನಿನ್ನೆ ಕಲಿತವನಿಗೆ ಕಷ್ಟವಾದ ತಿರುವು ಎಲ್ಲಿದೆ ಎಂಬದು ಇನ್ನೂ ನೆನಪಿನಲ್ಲಿದೆ. ಹೇಳಿಕೊಡುವದರಿಂದ ಅವನ ಕಲಿಕೆಯೂ ಗಟ್ಟಿಯಾಗುವದು. ದಿನಕ್ಕೆ ಇಪ್ಪತ್ತು ನಿಮಿಷ ಹೀಗೆ ನಡೆದರೆ ಉಪಾಧ್ಯಾಯನಿಗೆ ಉಳಿಯುವ ಕೆಲಸವು ಐದು ನಿಮಿಷದ್ದು.

೫. ಲೆಕ್ಕವನ್ನು ತಕ್ಕಡಿಯಿಂದ ಕಲಿಸುವದು

ಲೆಕ್ಕದಲ್ಲಿ ಹೊಲದ ಮಗುವು ಹಿಂದೆ ಉಳಿದಿದೆ ಎಂಬದು ಅನೇಕ ಸಾರಿ ನಿಜವಲ್ಲ. ಅದು ಬಾಯಿಲೆಕ್ಕವನ್ನು ಬಲ್ಲದು. ಬರೆಯುವ ಗುರುತುಗಳನ್ನು ಮಾತ್ರ ಅರಿಯದು. ಹತ್ತಿ ಬಿಡಿಸುವ ಕೂಲಿಯನ್ನು ತೂಕದ ಮೇಲೆ ಕೊಡುತ್ತಾರೆ. ದರವು ವರ್ಷ ವರ್ಷಕ್ಕೂ ಊರೂರಿಗೂ ಬೇರೆಯಾಗಿರುತ್ತದೆ. ಪಾಠಕ್ಕಾಗಿ ಒಂದು ಕಿಲೋಗೆ ೧೦ ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ದಿವಸ ತಾಯಿ ೩೪ ಕಿಲೋ, ಚಿಕ್ಕಮ್ಮ ೨೮ ಕಿಲೋ, ತಂದೆ ೧೮ ಕಿಲೋ ಬಿಡಿಸಿದರು. ಕೂಡಿಸಿದರೆ ೮೦ ಕಿಲೋ. ಕೂಲಿ ೮೦೦ ರೂಪಾಯಿ. ತೂಗುವವನು ಚೀಲಕ್ಕೂ ತೇವಕ್ಕೂ ಎಂದು ೫ ಕಿಲೋ ಕಳೆದನು. ಉಳಿದದ್ದು ೭೫ ಕಿಲೋ, ಕೂಲಿ ೭೫೦ ರೂಪಾಯಿ. ಇದೇ ಪ್ರಕಾರ ಆರು ದಿವಸ ನಡೆದರೆ ಹೋದದ್ದು ಎಷ್ಟು? ೩೦೦ ರೂಪಾಯಿ. ಕಳೆದ ಪಾಲು ಎಷ್ಟರಲ್ಲಿ ಎಷ್ಟು? ೮೦ ರಲ್ಲಿ ೫, ಅಂದರೆ ಹದಿನಾರರಲ್ಲಿ ಒಂದು ಪಾಲು. ಇದಕ್ಕೆ ನಮ್ಮ ಅಜ್ಜಿಯರು ವೀಸ ಎಂಬ ಹೆಸರಿಟ್ಟುಕೊಂಡಿದ್ದರು.

ಈ ಒಂದು ಲೆಕ್ಕದಲ್ಲಿ ಕೂಡಿಸುವದು, ಕಳೆಯುವದು, ಗುಣಿಸುವದು, ಭಾಗಿಸುವದು, ಭಿನ್ನಾಂಕ ಎಲ್ಲವೂ ಅಡಗಿವೆ. ಅಷ್ಟು ಮಾತ್ರವಲ್ಲ. ಶನಿವಾರದ ಬಟವಾಡೆಯಲ್ಲಿ ತಂದೆಯು ಮುಂಗಡದ ಹಣದಲ್ಲಿ ಎಷ್ಟು ಮುರಿಯಿತು, ಎಷ್ಟು ಉಳಿಯಿತು ಎಂದು ತಿಳಿಯದೆ ತಲೆ ತುರಿಸಿಕೊಂಡು ನಿಂತಾಗ, ಮಗುವು ಕಾಗದದ ಮೇಲೆ ಬರೆದು ತೋರಿಸಬಲ್ಲದು. ಆ ದಿವಸದಿಂದ ಆ ಮನೆಯಲ್ಲಿ ಶಾಲೆಯನ್ನು ಕುರಿತು ಮಾತಾಡುವ ರೀತಿಯೇ ಬೇರೆಯಾಗುವದು. ಓದಿ ಏನು ಮಾಡುತ್ತೀ ಎಂಬ ಪ್ರಶ್ನೆಗೆ ಉಪಾಧ್ಯಾಯನು ನೂರು ಸಾರಿ ಉತ್ತರ ಹೇಳಿದರೂ ತಟ್ಟದ್ದು, ಆ ಒಂದು ತುಂಡು ಕಾಗದದಿಂದ ತಟ್ಟುವದು.

೬. ಬಾಯಿಪಾಠವೂ ಬೆತ್ತವೂ

ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿ ಬೆಳೆದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ಬಾಯಿಪಾಠವನ್ನು ಹೀಯಾಳಿಸುವದು ಈಗಿನ ವಾಡಿಕೆ. ನಾನು ಹಾಗೆ ಮಾಡುವದಿಲ್ಲ. ಪುಸ್ತಕವಿಲ್ಲದ ಮನೆಯಲ್ಲಿ ನೆನಪೇ ಪುಸ್ತಕ. ಕಣ್ಣಿಗೆ ಮಬ್ಬು ಬಂದ ಮುದುಕಿಗೂ ಚಿಕ್ಕಂದಿನಲ್ಲಿ ಕಲಿತ ಕೀರ್ತನೆಯು ಉಳಿಯುತ್ತದೆ. ಆದರೆ ಬಾಯಿಪಾಠದಲ್ಲಿ ಒಂದು ಅಪಾಯವುಂಟು. ಪ್ರಶ್ನೆಯೂ ಉತ್ತರವೂ ಎರಡೂ ಪುಸ್ತಕದವೇ ಆದರೆ ಮಗುವಿನದು ಏನೂ ಇರುವದಿಲ್ಲ; ಗಿಣಿಗೆ ಹೇಳಿಕೊಟ್ಟ ಹಾಗಾಗುವದು. ಇದಕ್ಕೆ ಸುಲಭವಾದ ಮದ್ದು ಉಂಟು. ಉತ್ತರವನ್ನು ಒಪ್ಪಿಸಿದ ಮಗುವಿಗೆ, ಇದನ್ನು ನಿನ್ನ ತಂಗಿಗೆ ನಿಮ್ಮ ಮನೆಯ ಮಾತಿನಲ್ಲಿ ಹೇಗೆ ಹೇಳುತ್ತೀ ಎಂದು ಕೇಳಿರಿ. ಹೇಳಲಿಕ್ಕೆ ಬಂದರೆ ತಿಳಿದಿದೆ. ಬಾರದಿದ್ದರೆ ಒಪ್ಪಿಸಿದ್ದು ನಾಲಿಗೆ ಮಾತ್ರ. ಇನ್ನೂ ಒಂದು: ವಾರಕ್ಕೆ ಒಂದು ಸಾರಿಯಾದರೂ ಪ್ರಶ್ನೆಯನ್ನು ಮಕ್ಕಳೇ ಕೇಳಲಿ, ಉತ್ತರವನ್ನು ಹುಡುಕುವ ಕಷ್ಟವು ಉಪಾಧ್ಯಾಯನದಾಗಿರಲಿ.

ಬೆತ್ತದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ೨೦೦೯ ರಲ್ಲಿ ಮಾಡಲ್ಪಟ್ಟು ೨೦೧೦ ರ ಏಪ್ರಿಲ್ ೧ ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಯು ಮಗುವನ್ನು ಹೊಡೆಯುವದನ್ನೂ ಮಾತಿನಿಂದ ಅದರ ಮನಸ್ಸನ್ನು ಹಿಂಸಿಸುವದನ್ನೂ ಎರಡನ್ನೂ ನಿಷೇಧಿಸಿದೆ. ಹೊಡೆಯದ ಉಪಾಧ್ಯಾಯರು ಈಗ ಬಹಳ ಮಂದಿ; ಎರಡನೆಯದನ್ನು ಬಿಟ್ಟವರು ಅಷ್ಟು ಮಂದಿ ಇಲ್ಲ. ತಂದೆತಾಯಿಗಳೇ, ನೀವೂ ಕೇಳಿರಿ: ನಮ್ಮ ಹುಡುಗನ ಚರ್ಮ ಸುಲಿಯಿರಿ, ಕಣ್ಣು ಒಂದು ಬಿಟ್ಟು ಮಿಕ್ಕದ್ದೆಲ್ಲಾ ನಿಮ್ಮದು ಎಂದು ಹೇಳುವ ಹಳೆಯ ಮಾತನ್ನು ಬಿಟ್ಟುಬಿಡಿರಿ. ಬೆದರಿದ ಎತ್ತು ಸಾಲು ತಪ್ಪುವದೆಂದು ನೀವು ಬಲ್ಲಿರಿ. ಕೂರಿಗೆ ಹಿಡಿದವನು ಎತ್ತಿನ ಸಂಗಡ ಮಾತಾಡುತ್ತಾ ಹೋಗುವನು.

೭. ಮನೆಯ ಭಾಷೆ

ನಿಜಾಮರ ಕಾಲದಲ್ಲಿ ಈ ಸೀಮೆಯ ಕನ್ನಡ ಮಗುವು ಮುಂದೆ ಓದಬೇಕಾದರೆ ಮೊದಲು ಮನೆಯಲ್ಲಿ ಆಡದ ಒಂದು ಭಾಷೆಯನ್ನು ಕಲಿಯಬೇಕಾಗಿತ್ತು. ೧೯೧೮ ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಲ್ಪಟ್ಟ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠಗಳೂ ಉರ್ದುವಿನಲ್ಲಿಯೇ ನಡೆದವು. ೧೯೪೮ ರಲ್ಲಿ ಆ ಆಳ್ವಿಕೆಯು ಮುಗಿಯಿತು. ೧೯೫೬ ರ ನವಂಬರ ೧ ರಂದು ರಾಯಚೂರು ಕನ್ನಡ ನಾಡಿನೊಳಗೆ ಸೇರಿತು. ಆಗ ಹಿರಿಯರು ಅನುಭವಿಸಿದ ಕಷ್ಟವನ್ನು ಈಗ ನಾವು ಬೇರೆ ಮಕ್ಕಳಿಗೆ ಕೊಡದಂತೆ ನೋಡಿಕೊಳ್ಳತಕ್ಕದ್ದು. ಯಾಕಂದರೆ ನಮ್ಮ ಶಾಲೆಗಳಲ್ಲಿ ಮನೆಯೊಳಗೆ ತೆಲುಗು ಆಡುವ ಮಕ್ಕಳಿದ್ದಾರೆ, ಉರ್ದು ಆಡುವ ಮಕ್ಕಳಿದ್ದಾರೆ, ತಾಂಡಾಗಳಿಂದ ಬರುವ ಲಂಬಾಣಿ ಮಾತಿನ ಮಕ್ಕಳಿದ್ದಾರೆ. ಕನ್ನಡದ ಮನೆಯ ಮಗುವು ಸಹ ಪುಸ್ತಕದ ಕನ್ನಡವನ್ನು ಆಡುವದಿಲ್ಲ.

ಉಪಾಧ್ಯಾಯನು ಎಲ್ಲಾ ಭಾಷೆಗಳನ್ನು ಕಲಿಯಬೇಕೆಂದು ನಾನು ಹೇಳುವದಿಲ್ಲ. ಬಾ, ಕೂತುಕೋ, ನೀರು, ಊಟವಾಯಿತೇ, ಹೆದರಬೇಡ, ಚೆನ್ನಾಗಿದೆ ಎಂಬ ಹತ್ತು ಮಾತುಗಳನ್ನು ಪ್ರತಿಯೊಂದು ಮನೆಯ ಮಾತಿನಲ್ಲಿ ಕಲಿತಿರಲಿ; ಅದನ್ನು ಆ ಮಕ್ಕಳಿಂದಲೇ ಕಲಿಯಲಿ. ಉಪಾಧ್ಯಾಯನು ತಪ್ಪಾಗಿ ನುಡಿದು, ಮಗುವು ತಿದ್ದಿ, ಎಲ್ಲರೂ ನಕ್ಕರೆ, ಕಲಿಯುವವನು ತಪ್ಪು ಮಾಡಬಹುದೆಂಬ ಧೈರ್ಯವು ಆ ಮಗುವಿಗೆ ಬರುವದು.

೮. ತಂದೆತಾಯಿಗಳೂ ಸಭೆಯ ಹಿರಿಯರೂ ಮಾಡತಕ್ಕದ್ದು

ಇಷ್ಟು ಹೊತ್ತು ಕಲಿಸುವವನ ಕೆಲಸವನ್ನು ಹೇಳಿದೆನು. ಅವನೊಬ್ಬನಿಂದಲೇ ಎಲ್ಲವೂ ಆಗದು. ಆದದರಿಂದ ಈ ಕೆಳಗಿನ ಸಂಗತಿಗಳನ್ನು ಮನೆಯವರೂ ಹಿರಿಯರೂ ತಿಳಿದಿರತಕ್ಕದ್ದು.

ಮೊದಲನೆಯದಾಗಿ, ಮೇಲೆ ಹೇಳಿದ ಕಾಯಿದೆಯ ಪ್ರಕಾರ ಆರು ವರ್ಷದಿಂದ ಹದಿನಾಲ್ಕು ವರ್ಷದ ವರೆಗಿನ ಪ್ರತಿಯೊಂದು ಮಗುವಿಗೂ ಉಚಿತವಾದ ಶಿಕ್ಷಣವು ಹಕ್ಕಾಗಿದೆ. ಶಾಲೆ ತಪ್ಪಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಉಳಿದದ್ದಕ್ಕೆ ವಿಶೇಷ ಪಾಠವನ್ನು ಕೊಡಬೇಕು. ದೊಡ್ಡ ಹುಡುಗಿಯನ್ನು ಚಿಕ್ಕ ಮಕ್ಕಳ ನಡುವೆ ಕೂರಿಸುವರೆಂಬ ನಾಚಿಕೆಯಿಂದ ಆಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ.

ಎರಡನೆಯದಾಗಿ, ಗುಳೆ ಹೋದ ಊರಿನಲ್ಲಿಯೂ ಸರಕಾರಿ ಶಾಲೆ ಉಂಟು. ವರ್ಗಾವಣೆಯ ಪತ್ರವು ಬರಲು ತಡವಾಯಿತೆಂಬ ಕಾರಣದಿಂದ ಮಗುವನ್ನು ಸೇರಿಸಿಕೊಳ್ಳದೆ ಇರಬಾರದೆಂದು ಅದೇ ಕಾಯಿದೆಯು ಹೇಳುತ್ತದೆ. ಹೋಗುವ ಮುಂಚೆ ಉಪಾಧ್ಯಾಯನಿಂದ ಒಂದು ಚೀಟಿಯನ್ನು ಬರೆಸಿಕೊಳ್ಳಿರಿ: ಮಗುವಿನ ಹೆಸರು, ತರಗತಿ, ಅದು ಏಣಿಯ ಯಾವ ಮೆಟ್ಟಲಿನಲ್ಲಿದೆ ಎಂಬದು. ಗಂಟಿನಲ್ಲಿ ರೊಟ್ಟಿಯ ಸಂಗಡ ಆ ಚೀಟಿಯೂ ಒಂದು ಪುಸ್ತಕವೂ ಇರಲಿ.

ಮೂರನೆಯದಾಗಿ, ಅಜ್ಜ ಅಜ್ಜಿಯರು ಊರಲ್ಲಿ ಉಳಿಯುವದಾದರೆ ಮಕ್ಕಳನ್ನು ಅವರ ಬಳಿಯಲ್ಲಿ ಬಿಟ್ಟುಹೋಗಿರಿ. ಮಧ್ಯಾಹ್ನದ ಬಿಸಿಯೂಟವು ಶಾಲೆಯಲ್ಲಿ ದೊರಕುತ್ತದೆ. ಅಕ್ಷರ ದಾಸೋಹವೆಂಬ ಈ ಏರ್ಪಾಡನ್ನು ಸರಕಾರವು ೨೦೦೨ ರಲ್ಲಿ ಮೊದಲು ತೊಡಗಿಸಿದ್ದು ನಮ್ಮ ರಾಯಚೂರು ಸೇರಿದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿಯೇ. ಬೆಳಗಿನ ಮತ್ತು ರಾತ್ರಿಯ ರೊಟ್ಟಿಯೂ ಸಾಯಂಕಾಲದ ಕಾವಲೂ ಮಾತ್ರ ಕೊರತೆ. ಹತ್ತು ಮನೆಗಳ ಸಭೆಯು ಮೂರು ಮಕ್ಕಳಿಗೆ ಮೂರು ತಿಂಗಳು ಇಷ್ಟನ್ನು ಮಾಡಲಾರದೋ?

ನಾಲ್ಕನೆಯದಾಗಿ, ಓದಲಿಕ್ಕೆ ಒಂದು ಸ್ಥಳ. ಒಂದು ಕೋಣೆಯ ಮನೆಯಲ್ಲಿ ಟೀವಿಯೂ ಮೊಬೈಲೂ ಅಡಿಗೆಯ ಹೊಗೆಯೂ ತುಂಬಿರುವಾಗ ಮಗುವು ಎಲ್ಲಿ ಓದುವದು? ಪ್ರಾರ್ಥನಾಮಂದಿರವು ವಾರದ ಆರು ಸಾಯಂಕಾಲಗಳಲ್ಲಿ ಬೀಗ ಹಾಕಿಕೊಂಡಿರುತ್ತದೆ. ಅದರ ಬಾಗಲನ್ನು ಎರಡು ತಾಸು ತೆರೆದು, ಒಂದು ದೀಪ ಹಚ್ಚಿ, ಚಾಪೆ ಹಾಸಿ, ಊರಿನ ಯಾವ ಜಾತಿಯ ಯಾವ ಮತದ ಮಗುವಾದರೂ ಬಂದು ಓದಲಿ ಎಂದು ಹೇಳಿರಿ.

ಕಡೆಯದಾಗಿ ಒಂದು ಮಾತು. ಕಲಿಸುವವನು ಮಳೆಯನ್ನು ತರಲಾರನು; ಸಾಲವನ್ನು ತೀರಿಸಲಾರನು; ಹತ್ತಿಯ ಬೆಲೆಯನ್ನು ಏರಿಸಲಾರನು. ಬರುವ ವರ್ಷವೂ ಕೆಲವು ಮಕ್ಕಳು ಹೋಗುವರು. ಅವರು ತಿರಿಗಿ ಬರುವ ಬೆಳಿಗ್ಗೆ ಅವರ ಹೆಸರು ಹಾಜರಿಯ ಪುಸ್ತಕದಲ್ಲಿ ಹೊಡೆದುಹಾಕಲ್ಪಡದೆ ಇರಲಿ, ಅವರು ಕೂಡುತ್ತಿದ್ದ ಸ್ಥಳವು ಖಾಲಿಯಾಗಿಯೇ ಇರಲಿ, ನೋಟುಬುಕ್ಕಿನ ಪುಟದಲ್ಲಿ ಅವರ ಗುರುತು ಇದ್ದಲ್ಲಿಯೇ ಇರಲಿ. ಇಷ್ಟು ಮಾಡಲಿಕ್ಕೆ ಹಣವು ಬೇಕಾಗಿಲ್ಲ, ಮೇಲಿನವರ ಅಪ್ಪಣೆಯೂ ಬೇಕಾಗಿಲ್ಲ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಸಭೆಯ ಮನೆಗಳಲ್ಲಿ ಕಳೆದ ಹತ್ತಿಯ ಕಾಲದಲ್ಲಿ ಶಾಲೆ ತಪ್ಪಿದ ಮಕ್ಕಳು ಯಾರು ಯಾರು? ಅವರಲ್ಲಿ ತಿರಿಗಿ ಹೋದವರು ಎಷ್ಟು ಮಂದಿ, ಉಳಿದವರು ಎಷ್ಟು ಮಂದಿ?

೨. ಉಳಿಯದೆ ಹೋದ ಮಗುವನ್ನು ಕಾರಣವೇನೆಂದು ನಮ್ಮಲ್ಲಿ ಯಾರಾದರೂ ಹತ್ತಿರ ಕೂರಿಸಿಕೊಂಡು ಕೇಳಿದ್ದುಂಟೋ?

೩. ಹಮ್‌ದರ್ದ್ ಎಂಬ ಹೆಸರಿನ ಅರ್ಥವೇನು? ಅದು ಉಪಾಧ್ಯಾಯನಿಗೆ ಮಾತ್ರ ಸಲ್ಲುವದೋ?

೪. ಮೇಲಿನ ತಕ್ಕಡಿಯ ಲೆಕ್ಕವನ್ನು ನಿಮ್ಮ ಊರಿನ ದರಕ್ಕೆ ಮಾಡಿ ನೋಡಿರಿ. ವೀಸದ ಪಾಲು ಎಷ್ಟಾಯಿತು?

೫. ಬರುವ ದಸರೆಯೊಳಗೆ ಪ್ರಾರ್ಥನಾಮಂದಿರದ ಬೀಗದ ಕೈಯನ್ನು ಸಾಯಂಕಾಲದ ಓದಿಗಾಗಿ ಯಾರ ವಶಕ್ಕೆ ಕೊಡತಕ್ಕದ್ದು?